ಯುನಿ-ಟಿ ಯುಟಿ210ಇ ಕ್ಲ್ಯಾಂಪ್ ಮೀಟರ್: ಬೆಳಗಾಗುವುದರೊಳಗೆ ಬ್ಯಾಟರಿ ಡೌನ್ ಆಗುವ ಕಾರುಗಳಿಗೆ

ಬೆಳಿಗ್ಗೆ ಸೆಲ್ಫ್ ಹೊಡೆದಾಗ ಬರೀ ಟಿಕ್ ಟಿಕ್ ಸದ್ದು ಬಂದರೆ ಮೊದಲು ಬ್ಯಾಟರಿ ಬದಲಿಸುವುದೇ ನಮ್ಮ ಬದಿಯ ರೂಢಿ. ಹೊಸ ಬ್ಯಾಟರಿಯೂ ಮಲಗಿದ ಮೇಲೆ ‘ಎಲ್ಲೋ ಕರೆಂಟ್ ಲೀಕ್ ಇದೆ’ ಎಂಬ ಮಾತು ಬರುತ್ತದೆ. ಆ ಲೀಕ್ ಎಷ್ಟು, ಎಲ್ಲಿ ಎಂದು ವೈರ್ ಬಿಚ್ಚದೆ, ಇಕ್ಕಳದಂಥ ಬಾಯಿಯೊಳಗೆ ವೈರ್ ಹಿಡಿದು ಅಳೆಯುವುದಕ್ಕೆ ಈ ಮೀಟರ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹೆಚ್ಚಿನ ಕ್ಲ್ಯಾಂಪ್ ಮೀಟರುಗಳು ಎಸಿ (ಮನೆಯ ಲೈನಿನ) ಕರೆಂಟ್ ಮಾತ್ರ ತೋರಿಸುತ್ತವೆ. ಮನೆ ವೈರಿಂಗಿಗೆ ಸಾಕು, ಕಾರಿಗೆ ದಂಡ. ಇದರಲ್ಲಿ ಡಿಸಿ, ಅಂದರೆ ಬ್ಯಾಟರಿಯ ಕರೆಂಟ್ ಅಳೆಯುವ ಸೌಲಭ್ಯ ಇದೆ, 2 ಆಂಪಿಯರ್ ರೇಂಜಿನಲ್ಲಿ 1 ಮಿಲಿಆಂಪಿಯರ್ ತನಕ ಓದುತ್ತದೆ. ಕೊಳ್ಳಲು ಕಾರಣ ಅದೊಂದೇ.

ಮೀಟರ್ ಹಚ್ಚುವ ಮೊದಲು ಒಂದು ಲೆಕ್ಕ ಹಾಕಿ. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್ (1 ಆಂಪಿಯರಿನಂತೆ 35 ತಾಸು ಕೊಡುವಷ್ಟು) ಎನ್ನಿ. ನಿಲ್ಲಿಸಿದ ಕಾರು 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜ. 50 ಎಂದರೂ ದಿನಕ್ಕೆ 1.2 ಆಂಪಿಯರ್ ಅವರ್. ಕಾರವಾರದ ಶಿರವಾಡ ರೈಲ್ವೆ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ವಾರ ಬೆಂಗಳೂರಿಗೆ ಹೋಗಿ ಬಂದರೆ 8.4, ಒಳ್ಳೆಯ ಬ್ಯಾಟರಿ ತಡೆಯುತ್ತದೆ. ಡಿಕ್ಕಿಯ 5 ವ್ಯಾಟ್ ಬಲ್ಬ್ ಉರಿಯುತ್ತಲೇ ಉಳಿದರೆ ಸುಮಾರು 0.4 ಆಂಪಿಯರ್, ರಾತ್ರಿಯ 12 ತಾಸಿಗೆ 5 ಆಂಪಿಯರ್ ಅವರ್. ಅಷ್ಟಕ್ಕೇ ಕಾರು ಏಳದಿದ್ದರೆ ತಪ್ಪು ಬಲ್ಬಿನದಷ್ಟೇ ಅಲ್ಲ, ಬ್ಯಾಟರಿ ಮೊದಲೇ ಸೋತಿದೆ, ಇಲ್ಲವೇ ಪೂರ್ತಿ ಚಾರ್ಜ್ ಆಗಿರಲಿಲ್ಲ. ಗಟ್ಟಿ ಬ್ಯಾಟರಿಯನ್ನು ಒಂದೇ ರಾತ್ರಿಯಲ್ಲಿ ಮಲಗಿಸಲು 2 ಆಂಪಿಯರಿನ ಆಸುಪಾಸು ಸೋರಬೇಕು. ಲೀಕ್ ಎಂದವರಿಗೆಲ್ಲ ಮೊದಲು ಕೇಳಬೇಕಾದ್ದು ಇದನ್ನೇ: ಎಷ್ಟು ಆಂಪಿಯರ್?

ಅಳೆಯುವಾಗ ಅವಸರ ಮಾಡಿದರೆ ಮೀಟರ್ ಸುಳ್ಳು ಹೇಳಿದಂತೆ ಕಾಣುತ್ತದೆ. ಬಾನೆಟ್ ತೆರೆದು, ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಫ್ಯೂಸ್ ಬಾಕ್ಸ್ ಒಳಗಿದ್ದರೆ ಆ ಬಾಗಿಲಿನ ಲಾಕಿಗೂ ಹಾಗೆಯೇ. ಕಾರು ಲಾಕ್ ಮಾಡಿ ರಿಮೋಟ್ ಕೀ ದೂರ ಇಡಿ. ಈಗಿನ ಕಾರುಗಳ ಕಂಪ್ಯೂಟರುಗಳು ನಿದ್ದೆಗೆ ಹೋಗಲು 20ರಿಂದ 40 ನಿಮಿಷ ಬೇಕು; ಅಲ್ಲಿಯವರೆಗೆ ಆಂಪಿಯರುಗಟ್ಟಲೆ ತೋರಿಸಿದರೂ ಗಾಬರಿ ಬೇಡ. ಆಮೇಲೆ ನೆಗೆಟಿವ್ ಟರ್ಮಿನಲ್ಲಿಗೆ ಬರುವ ಎಲ್ಲ ಕೇಬಲ್ಲುಗಳನ್ನೂ ಒಟ್ಟಿಗೆ ಬಾಯೊಳಗೆ ಸೇರಿಸಿ. ಒಂದು ತೆಳ್ಳನೆಯ ವೈರ್ ಹೊರಗುಳಿದರೂ ಲೆಕ್ಕ ತಪ್ಪುತ್ತದೆ.

ಈ ಜಾತಿಯ ಮೀಟರಿನ ದೊಡ್ಡ ತಲೆನೋವು ಅಂಕಿಯನ್ನು ಸೊನ್ನೆಗೆ ಕೂರಿಸುವುದು. ಒಳಗಿನ ಸೆನ್ಸರ್ ಭೂಮಿಯ ಕಾಂತಕ್ಷೇತ್ರಕ್ಕೂ ಮಣಿಯುತ್ತದೆ, ಹೀಗಾಗಿ ಕೈ ತಿರುಗಿಸಿದರೆ ಅಂಕಿ ಬದಲಾಗುತ್ತದೆ. ಕೇಬಲ್ಲಿನ ಪಕ್ಕದಲ್ಲೇ, ಅಳೆಯುವ ಭಂಗಿಯಲ್ಲೇ ಹಿಡಿದು, ಬಾಯಿ ಮುಚ್ಚಿ ಝೀರೋ ಒತ್ತಬೇಕು. ಸಂಶಯವಿದ್ದರೆ ಮೀಟರನ್ನು ತಿರುಗಿಸಿ ಹಾಕಿ ಇನ್ನೊಮ್ಮೆ ಓದಿ. ಒಮ್ಮೆ +70, ಮತ್ತೊಮ್ಮೆ −50 ಬಂದರೆ ನಿಜ 60 ಮಿಲಿಆಂಪಿಯರ್: ಚಿಹ್ನೆ ಬಿಟ್ಟು ಎರಡರ ಸರಾಸರಿ. ಬಿಡಿ ಸರ್ಕ್ಯೂಟಿನ ತೆಳು ವೈರಾದರೆ ಬಾಯಿಗೆ ಐದು ಸುತ್ತು ಸುತ್ತಿ, ಬಂದ ಅಂಕಿಯನ್ನು ಐದರಿಂದ ಭಾಗಿಸಿ. ನಿದ್ದೆಗೆ ಹೋಗುವುದನ್ನು ಕಾಯುತ್ತಿರುವಾಗ ಮೀಟರ್ ತಾನೇ ಆಫ್ ಆಗುವುದು ಬೇರೆ ಕಿರಿಕಿರಿ.

ಲೀಕ್ ಖಚಿತವಾದರೆ ಫ್ಯೂಸುಗಳನ್ನು ಕೀಳಬೇಡಿ. ತಿರುಗಿ ಹಾಕುವಾಗ ಮಲಗಿದ ಕಂಪ್ಯೂಟರ್ ಎದ್ದು ಕೂತುಕೊಳ್ಳುತ್ತದೆ. ಮಿಲಿವೋಲ್ಟಿನ ಹತ್ತನೇ ಭಾಗ ತೋರಿಸುವ ಮಲ್ಟಿಮೀಟರಿನ ಮುಳ್ಳುಗಳನ್ನು ಫ್ಯೂಸಿನ ತಲೆಯಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ತಾಗಿಸಿ. ಸೊನ್ನೆ ಬಂದರೆ ಆ ದಾರಿಯಲ್ಲಿ ಕರೆಂಟ್ ಇಲ್ಲ. 10 ಆಂಪಿಯರಿನ ಮಿನಿ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಎಂದರೆ ಹೆಚ್ಚುಕಡಿಮೆ 130 ಮಿಲಿಆಂಪಿಯರ್. ಯಾವ ಫ್ಯೂಸಿನಲ್ಲೂ ಸಿಗದಿದ್ದರೆ ಕ್ಲ್ಯಾಂಪನ್ನು ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೊ) ದಪ್ಪ ವೈರಿಗೆ ಹಾಕಿ. ಎಂಜಿನ್ ನಿಂತಾಗಲೂ ಅಲ್ಲಿ ಗಣನೀಯ ಕರೆಂಟ್ ಹರಿದರೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಅದರ ಡಯೋಡ್ ಹೋಗಿದೆ.

ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ರಿಲೇಗಳ (ಕರೆಂಟಿನಿಂದ ನಡೆಯುವ ಸ್ವಿಚ್ಚುಗಳ) ಕಾಲು ಹಸಿರುಗಟ್ಟುತ್ತವೆ. ಶಿರಸಿ ಕಡೆ ಮಳೆಗಾಲದಲ್ಲಿ ಕಾರು ಕೊಟ್ಟಿಗೆಯ ಪಕ್ಕ ನಿಂತೇ ಇದ್ದರೆ ಇಲಿ ವೈರ್ ಕಡಿಯುತ್ತದೆ. ಆದರೂ ಮೊದಲ ಗುಮಾನಿ ಆಮೇಲೆ ಕೂಡಿಸಿದ ಸಾಮಾನುಗಳ ಮೇಲೆ ಇರಲಿ: ಡ್ಯಾಶ್‌ಕ್ಯಾಮ್, ಜಿಪಿಎಸ್, ಆಂಪ್ಲಿಫೈಯರ್. ಬ್ಯಾಟರಿಯ ಮೇಲ್ಮೈಯನ್ನೂ ಬಿಡಬೇಡಿ. ವೋಲ್ಟ್ ಮೀಟರಿನ ಕಪ್ಪು ಮುಳ್ಳು ನೆಗೆಟಿವ್‌ಗೆ, ಕೆಂಪು ಮುಳ್ಳು ಬ್ಯಾಟರಿಯ ಪ್ಲಾಸ್ಟಿಕ್ ತಲೆಗೆ ತಾಗಿಸಿದಾಗ ವೋಲ್ಟೇಜ್ ಕಂಡರೆ ಒದ್ದೆ ಕೊಳೆಯ ಮೂಲಕವೇ ಸೋರುತ್ತಿದೆ ಎಂದರ್ಥ. ನೆಗೆಟಿವ್ ಮೊದಲು ಬಿಚ್ಚಿ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ.

ಬಾಳಿಕೆಗೆ ದೂರಿಲ್ಲ, ಉಪಚಾರ ಮಾತ್ರ ಬೇಕು. ಬಾಯಿಯ ಎರಡು ತುದಿ ಕೂಡುವಲ್ಲಿ ಧೂಳು ಅಥವಾ ತುಕ್ಕು ಕೂತರೆ ಅಂಕಿ ಅಲುಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಎರಡೂ ಎಎಎ ಸೆಲ್ ತೆಗೆದಿಡುವುದು ಒಳ್ಳೆಯದು. ಸ್ಟಾರ್ಟರ್ ಕರೆಂಟಿಗೆ ಇದರ 100 ಆಂಪಿಯರ್ ಮಿತಿ ಸಾಲದು. ಅಲ್ಲಿ ವೋಲ್ಟೇಜ್ ನೋಡಿದರಾಯಿತು: ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಇದ್ದೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ, ವಾರಂಟಿ ಕಾರ್ಡ್ ಜೊತೆಗಿರಲಿ.