ದುಡ್ಡು ಕೊಟ್ಟು ನೂರು ಕಿಲೋಮೀಟರ್ ಸೈಕಲ್ ತುಳಿದಿದ್ದು ಸಾರ್ಥಕನಾ? ನಮ್ ಕ್ಲಬ್ಬಿನ ಇವೆಂಟ್ ರಿವ್ಯೂ

ಮೊದ್ಲೇ ರೇಟಿಂಗ್ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ. ಕಟ್ ಆಗಿರೋ ಒಂದೂವರೆ ಎಲ್ಲಿ ಹೋಯ್ತು ಅನ್ನೋದಕ್ಕೇ ಇಷ್ಟುದ್ದ ಬರೀತಿರೋದು. ಇವೆಂಟ್ ಹೆಸರು ಹಾಕಲ್ಲ. ಬಂದಿದ್ದವ್ರಿಗೆ ಹೇಗೂ ಗೊತ್ತಾಗುತ್ತೆ, ಬರ್ದೇ ಇರೋರಿಗೆ ಹೆಸರು ಬೇಕಾಗಿಲ್ಲ, ಯಾಕಂದ್ರೆ ಸೈಕಲ್ ಕ್ಲಬ್ ಇರೋ ಕಡೆಯೆಲ್ಲಾ ಇಂಥದ್ದೊಂದು ಇವೆಂಟ್ ಇದ್ದೇ ಇರುತ್ತೆ, ನೂರು ಕಿಲೋಮೀಟರ್, ಮುಕ್ಕಾಲು ಪಾಲು ಟಾರು, ಉಳಿದಿದ್ದು ಮಣ್ಣಿನ ಕಾಲುದಾರಿ ಅಂದ್ರೆ ಟ್ರೈಲ್, ಚಿಪ್ ಟೈಮಿಂಗ್, ಟೀ ಶರ್ಟು, ಮೆಡಲ್ಲು, ಕೊನೇಲಿ ಫೋಟೋ ತೆಗೆಸ್ಕೊಳ್ಳೋಕೆ ಗಾಳಿ ತುಂಬಿದ ಒಂದು ಕಮಾನು.

ರಿಜಿಸ್ಟ್ರೇಷನ್ ಓಪನ್ ಆದ ಗಳಿಗೆಯಿಂದ ನಮ್ ಗ್ರೂಪಲ್ಲಿ ಫೀ ಬಿಟ್ರೆ ಬೇರೆ ಮಾತೇ ಇಲ್ಲ. ಒಂದು ಕಡೆಯವ್ರದ್ದು ಹಳೇ ರಾಗ, ರೋಡು ಎಲ್ಲರದ್ದು, ಸೈಕಲ್ ನಂದು, ತುಳಿಯೋ ಕಾಲೂ ನಂದೇ, ಇದಕ್ಕೆ ಯಾಕ್ರೀ ದುಡ್ಡು, ಅದೇ ದುಡ್ಡಿಗೆ ಒಂದು ಜೊತೆ ಒಳ್ಳೆ ಟೈರ್ ಬರುತ್ತೆ ಅಂತ. ಆಯೋಜಕರ ಕಡೆಯವ್ರು "ಇಷ್ಟ ಇದ್ರೆ ಬನ್ನಿ, ಇಲ್ಲಾಂದ್ರೆ ಬಿಡಿ" ಅಂತ ಮುಖಕ್ಕೆ ಹೊಡ್ದಂಗೆ ಉತ್ತರ ಕೊಟ್ರು. ದುಡ್ಡು ಯಾವ್ದಕ್ಕೆ ಖರ್ಚಾಗುತ್ತೆ ಅಂತ ಮಾತ್ರ ಇವ್ರೂ ಕೇಳ್ಲಿಲ್ಲ ಅವ್ರೂ ಹೇಳ್ಲಿಲ್ಲ.

ನನಗೆ ಗೊತ್ತಿರೋ ಮಟ್ಟಿಗೆ ಹೇಳ್ತೀನಿ. ಇಂಥ ಇವೆಂಟಲ್ಲಿ ಖರ್ಚು ಎರಡು ಥರ. ಆಂಬುಲೆನ್ಸ್, ಪರ್ಮಿಷನ್, ಇನ್ಶೂರೆನ್ಸ್, ಟೈಮಿಂಗ್ ಮಷೀನ್ ಬಾಡಿಗೆ, ಕೊನೆಯವ್ರ ಹಿಂದೆ ಬರೋ ಸ್ವೀಪ್ ಗಾಡಿ, ಇವೆಲ್ಲಾ ಐವತ್ತು ಜನ ಬಂದ್ರೂ ಐನೂರು ಜನ ಬಂದ್ರೂ ಹೆಚ್ಚುಕಮ್ಮಿ ಅಷ್ಟೇ. ಟೀ ಶರ್ಟು, ಮೆಡಲ್ಲು, ನೀರು, ಬಾಳೆಹಣ್ಣು ತಲೆ ಲೆಕ್ಕದಲ್ಲಿ ಏರುತ್ತೆ. ಹಾಗಾಗಿ ಚಿಕ್ಕ ಇವೆಂಟಲ್ಲಿ ತಲೆಗೆ ಬೀಳೋ ಫೀ ಜಾಸ್ತಿ ಕಾಣೋದು ಸಹಜ, ಅದನ್ನ ಸಾವಿರಾರು ಜನ ಬರೋ ದೊಡ್ಡ ಇವೆಂಟಿಗೆ ಹೋಲಿಸಿ ಲೂಟಿ ಅಂತ ಕೂಗಾಡೋದು ಸರಿಯಲ್ಲ. ಆದ್ರೆ ಇದನ್ನ ಆಯೋಜಕರೇ ನಾಲ್ಕು ಸಾಲಲ್ಲಿ ಬರೆದು ಹಾಕಿದ್ರೆ ಮುಗ್ದೇ ಹೋಗ್ತಿತ್ತು, ಅವ್ರು ಹಾಕಿದ್ದು ಮೆಡಲ್ಲಿನ ಡಿಸೈನು.

ಫೀ ಎಲ್ಲಿ ವಸೂಲಾಯ್ತು ಅಂತ ಕೇಳಿದ್ರೆ ನಾನು ಒಂದೇ ಒಂದು ಜಾಗ ತೋರಿಸ್ತೀನಿ. ಅರ್ಧ ದಾರಿ ಹತ್ರ ಒಂದು ಉದ್ದನೇ ಇಳಿಜಾರು, ಕೆಳಗೆ ಬಂದ್ರೆ ತಕ್ಷಣ ಎಡಕ್ಕೆ ತಿರುವು, ತಿರುವಿನಲ್ಲೇ ಲಾರಿಯಿಂದ ಚೆಲ್ಲಿದ ಜಲ್ಲಿ. ಸವಾರರನ್ನ ಎಚ್ಚರಿಸೋಕೆ ನಿಲ್ಲಿಸಿದ್ದ ಮಾರ್ಷಲ್ ಹುಡುಗಿ ತಿರುವಲ್ಲಿ ನಿಂತಿರ್ಲಿಲ್ಲ, ಅಲ್ಲಿ ನಿಂತಿದ್ರೆ ಏನೂ ಉಪಯೋಗ ಇರ್ತಿರ್ಲಿಲ್ಲ, ಅಷ್ಟೊತ್ತಿಗೆ ನಾವು ಬ್ರೇಕ್ ಹಿಡಿಯೋ ಕಾಲ ಮೀರಿರುತ್ತೆ. ಅವಳು ಇನ್ನೂರು ಮೀಟರ್ ಮೇಲೆ ಬಂದು ನಿಂತು ಸೀಟಿ ಊದ್ತಾ ಕೈ ಕೆಳಗೆ ಮೇಲೆ ಮಾಡಿ "ಸ್ಲೋ, ಸ್ಲೋ, ಎಡಕ್ಕೆ ಜಲ್ಲಿ" ಅಂತ ಒಬ್ಬೊಬ್ಬರಿಗೂ ಕೂಗ್ತಿದ್ಲು, ಗಂಟಲು ಕೂತೋಗಿತ್ತು ಪಾಪ. ಹಿಂದೆ ಬಂದವ್ರನ್ನೆಲ್ಲಾ ಕೇಳ್ದೆ, ಅಲ್ಲಿ ಒಬ್ರೂ ಬಿದ್ದಿಲ್ಲ. ಎಲ್ಲಿ ನಿಲ್ಬೇಕು ಅಂತ ಗೊತ್ತಿರೋ ಮಾರ್ಷಲ್ ಸುಮ್ನೆ ಸಿಗಲ್ಲ, ಯಾರೋ ಹಿಂದಿನ ದಿನ ರೂಟ್ ಓಡ್ಸಿ ನೋಡಿ ಹೇಳ್ಕೊಟ್ಟಿರ್ತಾರೆ. ಇದಕ್ಕೆ ಪೂರ್ತಿ ಮಾರ್ಕ್ಸ್.

ಚಿಪ್ ಟೈಮಿಂಗ್ ಬೇಕಾ ಬೇಡ್ವಾ ಅಂತ ಇನ್ನೊಂದು ಚರ್ಚೆ. ನಂಬರ್ ಪ್ಲೇಟ್ ಹಿಂದೆ ಅಂಟಿರೋ ಸ್ಟಿಕ್ಕರ್‌ನಲ್ಲಿ ಬ್ಯಾಟರಿ ಇರಲ್ಲ, ನೆಲಕ್ಕೆ ಹಾಸಿರೋ ಟೈಮಿಂಗ್ ಮ್ಯಾಟ್ ಮೇಲೆ ಹಾದಾಗ ಅದ್ರಿಂದ ಬರೋ ರೇಡಿಯೋ ಅಲೆಗೇ ಎಚ್ಚರ ಆಗಿ ನಿಮ್ ನಂಬರ್ ಹೇಳುತ್ತೆ. ರೇಸ್ ಅಲ್ಲ ಅಂತ ಪೋಸ್ಟರ್‌ನಲ್ಲೇ ಹಾಕಿದ ಮೇಲೆ ಇದಕ್ಕೆ ಖರ್ಚು ಯಾಕೆ ಅಂತ ಕೆಲವರು. ನನ್ ಪ್ರಕಾರ ಅದ್ರಿಂದ ಒಂದೇ ಲಾಭ, ಯಾರು ಇನ್ನೂ ದಾರೀಲಿದ್ದಾರೆ ಅಂತ ಗೊತ್ತಾಗೋದು. ಆದ್ರೆ ಮ್ಯಾಟ್ ಹಾಕಿದ್ದು ಸ್ಟಾರ್ಟಲ್ಲೊಂದು ಫಿನಿಶಲ್ಲೊಂದು, ಮಧ್ಯದಲ್ಲಿ ಎಲ್ಲೂ ಇಲ್ಲ, ಹಾಗಾದ್ರೆ ಆ ಲಾಭವೂ ಹೋಯ್ತು. ರ‍್ಯಾಂಕ್ ಲಿಸ್ಟ್ ಬಂತು ಅಷ್ಟೇ, ಸಂಜೆಯೆಲ್ಲಾ ಅದರ ಮೇಲೆ ಮೀಸೆ ತಿರುವಿದ್ದೂ ಆಯ್ತು.

ಈಗ ಬೇಜಾರಿನ ವಿಷಯ, ನೀರು. ಎರಡನೇ ಸ್ಟಾಪಲ್ಲಿ ನೀರು ಖಾಲಿ. ನಾನು ನಿಧಾನಕ್ಕೆ ಹೋಗೋ ಪಂಗಡ, ನಾವು ಬರೋಷ್ಟರಲ್ಲಿ ಖಾಲಿ ಕ್ಯಾನು, ಬಾಳೆಹಣ್ಣಿನ ಸಿಪ್ಪೆ, ಮುಖ ಸಣ್ಣ ಮಾಡ್ಕೊಂಡು ನಿಂತಿದ್ದ ಒಬ್ಬ ವಾಲಂಟಿಯರ್. ಮುಂದೆ ಹೋದವ್ರು ಎರಡೆರಡು ಬಾಟಲ್ ತುಂಬ್ಕೊಂಡು ಮಿಕ್ಕಿದ್ದನ್ನ ತಲೆ ಮೇಲೆ ಸುರ್ಕೊಂಡು ಹೋಗಿದ್ರಂತೆ. ಮೂರೂವರೆ ಗಂಟೆಲಿ ಮುಗಿಸೋನಿಗೆ ಒಂದು ಬಾಟಲ್ ಸಾಕು, ಏಳು ಗಂಟೆ ಬಿಸಿಲಲ್ಲಿರೋನಿಗೆ ತಾನೇ ನೀರು ಬೇಕಾಗಿರೋದು? ಫೀ ಇಬ್ರದ್ದೂ ಒಂದೇ, ಸರ್ವಿಸ್ ಮಾತ್ರ ಮೊದಲು ಬಂದವ್ರಿಗೆ. ಅರ್ಧ ಸ್ಟಾರ್ ಇಲ್ಲೇ ಹೋಯ್ತು. ಯಾವುದೇ ಇವೆಂಟ್ ರಿವ್ಯೂ ಓದೋದಾದ್ರೆ ಕೊನೇ ಇಪ್ಪತ್ತು ಜನ ಬರೆದಿದ್ದು ಓದಿ, ಮೊದಲ ಇಪ್ಪತ್ತು ಜನಕ್ಕೆ ಎಲ್ಲಾ ಇವೆಂಟೂ ಚೆನ್ನಾಗೇ ಇರುತ್ತೆ.

ಇಲ್ಲಿಗೆ ಬಂದ್ರೆ ಯಾರಾದ್ರೂ ಒಬ್ರು ಬ್ರೆವೆ (ನಿಗದಿ ಟೈಮೊಳಗೆ ನಿಮ್ ಪಾಡಿಗೆ ನೀವೇ ಮುಗಿಸೋ ದೂರದ ಸೈಕಲ್ ಸವಾರಿ) ಹೆಸರು ಎತ್ತೇ ಎತ್ತುತ್ತಾರೆ, ಬ್ರೆವೆ ಫೀ ನೋಡಿ ಎಷ್ಟು ಕಮ್ಮಿ, ದೂರ ನೋಡಿ ಎಷ್ಟು ಜಾಸ್ತಿ ಅಂತ. ನಾನೂ ಬ್ರೆವೆ ಪಕ್ಷವೇ, ಆದ್ರೆ ಹೋಲಿಕೆ ಸರಿ ಇಲ್ಲ. ಬ್ರೆವೇಲಿ ಮಾರ್ಷಲ್ ಇಲ್ಲ, ಸ್ವೀಪ್ ಇಲ್ಲ, ಜಂಕ್ಷನ್‌ನಲ್ಲಿ ಸೀಟಿ ಊದೋರಿಲ್ಲ, ಪಂಕ್ಚರ್ ಆದ್ರೆ ನೀವೇ, ದಾರಿ ತಪ್ಪಿದ್ರೂ ನೀವೇ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40, ಅಂದ್ರೆ ಗಂಟೆಗೆ ಹದಿನೈದರ ಆಸುಪಾಸು ಇದ್ರೆ ಸಾಕು, ನಿದ್ದೆ ಊಟ ಎಲ್ಲಾ ಅದ್ರೊಳಗೇ. ಕಾರ್ಡಿಗೆ ದಾರಿ ಮಧ್ಯದ ಚೆಕ್ ಪಾಯಿಂಟಲ್ಲಿ, ಅಂದ್ರೆ ಕಂಟ್ರೋಲ್‌ನಲ್ಲಿ ಸೀಲು ಬೀಳ್ಬೇಕು, ತೀರಾ ಬೇಗ ಹೋದ್ರೆ ಕಂಟ್ರೋಲ್ ಓಪನ್ನೇ ಆಗಿರಲ್ಲ, ಮೊದಲ 200ರವರೆಗೆ ಗಂಟೆಗೆ 34 ಕಿ.ಮೀ. ಲೆಕ್ಕದಲ್ಲಿ ಅದು ಬಾಗಿಲು ತೆಗೆಯೋದು. ರ‍್ಯಾಂಕ್ ಕೊಡಲ್ಲ, ಮೊದಲು ಬಂದವ್ನೂ ಕೊನೇ ನಿಮಿಷದಲ್ಲಿ ಬಂದವ್ನೂ ಫಿನಿಶರ್ರೇ. ಇದರ ದೊಡ್ಡಣ್ಣ ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್, 1891ರಲ್ಲಿ ರೇಸ್ ಆಗಿ ಶುರುವಾಗಿದ್ದು, ಈಗ 1200 ಕಿ.ಮೀ. 90 ಗಂಟೆ, ನಾಲ್ಕು ವರ್ಷಕ್ಕೊಂದ್ಸಲ, ಹೋದ ಸಲ 2023ರಲ್ಲಿ ಆಯ್ತು. ಅಲ್ಲಿ ಫೀ ಕಮ್ಮಿ ಇರೋದು ಕೆಲಸವೆಲ್ಲಾ ನಿಮ್ ತಲೆ ಮೇಲೆ ಇರೋದ್ರಿಂದ. ರೋಡಲ್ಲಿ ಮೊದಲ ಸಲ ಐವತ್ತು ಕಿಲೋಮೀಟರ್ ದಾಟ್ತಿರೋ ಹುಡುಗನಿಗೆ "ಬ್ರೆವೆ ಮಾಡು, ಅಗ್ಗ" ಅನ್ನೋದು ಬೇಜವಾಬ್ದಾರಿ ಮಾತು.

ಒಂದು ಸ್ಟಾರ್ ಹೋಗಿದ್ದು ಟ್ರೈಲಲ್ಲಿ, ಈ ರಿವ್ಯೂ ಬರೆಯೋಕೆ ಕೂತಿದ್ದೂ ಅದಕ್ಕೇ.

ಹಿಂದಿನ ರಾತ್ರಿ ಮಳೆ ಬಿತ್ತು, ಜೋರಾಗೇ. ನಮ್ ಕ್ಲಬ್ಬಲ್ಲಿ ಆ ಟ್ರೈಲ್ ಕಡಿದು ಮಾಡಿದ ಒಂದು ನಾಲ್ಕೈದು ಜನ ಇದ್ದಾರೆ, ಇವೆಂಟಿಗೆ ಬರಲ್ಲ, ಫೋಟೋಗೆ ನಿಲ್ಲಲ್ಲ, ಭಾನುವಾರ ಬಂದ್ರೆ ಗುದ್ದಲಿ ಸನಿಕೆ ತಗೊಂಡು ಹೋಗ್ತಾರೆ. ಅವ್ರು ರಾತ್ರಿನೇ ಮೆಸೇಜ್ ಹಾಕಿದ್ರು, ಟ್ರೈಲ್ ಭಾಗ ಬಿಡಿ, ಟಾರಲ್ಲೇ ಸುತ್ತಿಸಿ ಕಳ್ಸಿ ಅಂತ. ಬ್ರೋಷರಲ್ಲಿ ಟ್ರೈಲ್ ಅಂತ ಹಾಕಿದೀವಿ, ಜನ ಅದಕ್ಕೇ ದುಡ್ಡು ಕೊಟ್ಟಿದ್ದಾರೆ, ಆಗಲ್ಲ ಅಂದ್ರು ಆಯೋಜಕರು. ಗ್ರೂಪಲ್ಲಿ ಅರ್ಧ ಜನ ಅವ್ರಿಗೇ ಚಪ್ಪಾಳೆ, "ಮಣ್ಣು ಅಂದ್ಮೇಲೆ ಕೆಸರು ಇರಲ್ವಾ" ಅಂತ ಡೈಲಾಗ್ ಬೇರೆ.

ಕೆಸರಿನ ಸಮಸ್ಯೆ ಬಟ್ಟೆ ಗಲೀಜಾಗೋದಲ್ಲ ಸ್ವಾಮಿ. ಒಳ್ಳೆ ಟ್ರೈಲ್ ಅಂದ್ರೆ ಅರ್ಧ ಕೆಲಸ ನೀರಿನದ್ದು. ದಾರಿ ಇಳಿಜಾರಿನ ಕಡೆಗೆ ಚೂರು ವಾಲಿರ್ಬೇಕು, ನೂರಕ್ಕೆ ಐದರಷ್ಟು, ಆಗ ನೀರು ದಾರಿ ಮೇಲೆ ಹರಿಯದೆ ಅಡ್ಡಕ್ಕೆ ದಾಟಿ ಹೋಗುತ್ತೆ. ದಾರಿಯ ಏರು ಆ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರ್ದು, ಸರಾಸರಿ ಹತ್ತು ಪರ್ಸೆಂಟ್ ದಾಟಬಾರ್ದು, ಮಧ್ಯೆ ಮಧ್ಯೆ ಸಣ್ಣ ಇಳಿತ ಕೊಟ್ಟು ನೀರನ್ನ ಹೊರಗೆ ಹಾಕ್ಬೇಕು, ಇದೆಲ್ಲಾ ಟ್ರೈಲ್ ಮಾಡೋರಿಗೆ ಬಾಯಿಪಾಠ. ಒದ್ದೆ ಮಣ್ಣಲ್ಲಿ ನೂರಾರು ಟೈರ್ ಒಂದೇ ಗೆರೆಯಲ್ಲಿ ಹೋದ್ರೆ ಆ ಗೆರೆ ಕಾಲುವೆ ಆಗುತ್ತೆ, ಮುಂದಿನ ಮಳೆಗೆ ನೀರು ಅಡ್ಡ ದಾಟೋ ಬದ್ಲು ಕಾಲುವೆ ಹಿಡ್ಕೊಂಡು ಇಳಿಯುತ್ತೆ, ಮಣ್ಣನ್ನೂ ಕರ್ಕೊಂಡು ಹೋಗುತ್ತೆ. ಇನ್ನು ಕೆಸರು ತಪ್ಪಿಸೋಕೆ ಪಕ್ಕದಲ್ಲಿ ಹುಲ್ಲಿನ ಮೇಲೆ ಹೋಗೋರು, ಅವ್ರಿಂದ ಎರಡಡಿ ದಾರಿ ಆರಡಿ ಆಗುತ್ತೆ.

ಅವತ್ತು ಆಗಿದ್ದು ಅಕ್ಷರಶಃ ಇದೇ. ಎರಡನೇ ಹೇರ್‌ಪಿನ್ ತಿರುವಿಗೆ ಮುಂಚೆ ಎಲ್ರೂ ಹಿಂದಿನ ಬ್ರೇಕ್ ಕಚ್ಚಿ ಹಿಡಿದು ಜಾರಿಸ್ಕೊಂಡೇ ಇಳಿದ್ರು, ನಾನು ಹೋಗೋ ಹೊತ್ತಿಗೆ ಅಲ್ಲಿ ಗೇಣುದ್ದ ಆಳದ ಗೀರು, ಅದ್ರ ತುಂಬಾ ಕೆಂಪು ನೀರು. ತಿರುವಿನ ಕೆಳಗೆ ನೀರು ಹೊರಗೆ ಹೋಗ್ಲಿ ಅಂತ ಮಾಡಿದ್ದ ತಗ್ಗು ಪೂರ್ತಿ ಮುಚ್ಚಿಹೋಗಿತ್ತು. ಜಿಗುಟು ಮಣ್ಣು ಫೋರ್ಕಿಗೂ ಟೈರಿಗೂ ಮಧ್ಯೆ ಕಚ್ಕೊಂಡು ಚಕ್ರ ತಿರುಗ್ತಾನೇ ಇಲ್ಲ, ಜನ ಕಡ್ಡಿ ಹಿಡ್ಕೊಂಡು ಕೆರೀತಾ ಕೂತಿದ್ರು, ಒಬ್ಬನದ್ದು ಗೇರ್ ಬದಲಾಯಿಸೋ ಡೀರೇಲರ್ ಅನ್ನ ಹಿಡಿದಿರೋ ಹ್ಯಾಂಗರ್ ಮುರಿದು ಸೈಕಲ್ ಹೊತ್ಕೊಂಡೇ ಬಂದ. ಟೈರಿಗೆ ಮಣ್ಣು ಮೆತ್ಕೊಳ್ತಿದೆ, ಹಿಂದೆ ಗೆರೆ ಬೀಳ್ತಿದೆ ಅಂದ್ರೆ ವಾಪಸ್ ತಿರುಗು ಅನ್ನೋದು ಟ್ರೈಲ್ ಓಡ್ಸೋರ ಮೊದಲ ಪಾಠ, ಅದನ್ನ ಮುರಿಯೋಕೆ ನಾವು ಎಂಟ್ರಿ ಫೀ ಕೊಟ್ಟಂಗಾಯ್ತು. ಇದರ ಮೇಲೆ ಮಾರನೇ ದಿನ ಇಬ್ರು ಸ್ಟ್ರಾವಾ ಆಪಿನ ಸೆಗ್ಮೆಂಟ್ (ದಾರಿಯ ಒಂದು ತುಂಡಲ್ಲಿ ಯಾರು ಫಾಸ್ಟ್ ಅಂತ ಲೆಕ್ಕ ಇಡೋದು) ಹೊಡೆಯೋಕೆ ಮತ್ತೆ ಅಲ್ಲಿಗೇ ಹೋದ್ರು. ಸ್ಟ್ರಾವಾದಲ್ಲಿ ಸೆಗ್ಮೆಂಟನ್ನ ಅಪಾಯಕಾರಿ ಅಂತ ಫ್ಲ್ಯಾಗ್ ಮಾಡೋ ಆಪ್ಷನ್ ಇದೆ, ಮಾಡಿದ್ರೆ ಲೀಡರ್‌ಬೋರ್ಡ್ ಮುಚ್ಚಿಹೋಗುತ್ತೆ, ದಯವಿಟ್ಟು ಯಾರಾದ್ರೂ ಮಾಡಿ.

ಆಮೇಲಿನ ಕತೆ ಇನ್ನೂ ಚೆನ್ನಾಗಿದೆ. ರಿಪೇರಿಗೆ ಹೋಗಿದ್ದು ಅದೇ ನಾಲ್ಕೈದು ಜನ. ಕಲ್ಲು ಹೊತ್ತು ಗೀರು ತುಂಬಿ, ತಗ್ಗು ಮತ್ತೆ ತೋಡಿದ್ರು. ಅವ್ರಿಗೆ ಎಂಟ್ರಿ ಫೀಯಿಂದ ಒಂದು ಪೈಸೆ ಹೋಗಿಲ್ಲ, ಕೇಳಿದ್ದಕ್ಕೆ "ಬಜೆಟ್‌ನಲ್ಲಿ ಅದಕ್ಕೆ ಜಾಗ ಇರ್ಲಿಲ್ಲ" ಅಂತ ಉತ್ತರ. ಮೆಡಲ್ಲಿಗೆ ಇತ್ತು, ಕಮಾನಿಗೆ ಇತ್ತು.

ಇವೆಂಟಿಂದ ದಾರಿ ಹಾಳಾಗ್ಲೇಬೇಕು ಅಂತೇನೂ ಇಲ್ಲ. ಇಟಲಿಯ ಟಸ್ಕನೀಲಿ 1997ರಲ್ಲಿ ಲೆರೋಯಿಕಾ ಅನ್ನೋ ಸೈಕಲ್ ಇವೆಂಟ್ ಶುರು ಮಾಡಿದ್ದೇ ಅಲ್ಲಿನ ಬಿಳಿ ಮಣ್ಣಿನ ರಸ್ತೆಗಳಿಗೆ ಟಾರು ಬೀಳದಂಗೆ ಉಳಿಸ್ಕೊಳ್ಳೋಣ ಅಂತ, 1987ಕ್ಕಿಂತ ಹಿಂದಿನ ಮಾದರಿ ಸೈಕಲ್ಲೇ ತರ್ಬೇಕು ಅಲ್ಲಿಗೆ. ಅದೇ ಬಿಳಿ ರಸ್ತೆಗಳ ಮೇಲೆ 2007ರಿಂದ ಪ್ರೊಫೆಷನಲ್ ರೇಸೂ ನಡೀತಿದೆ, ಸ್ತ್ರಾದೆ ಬಿಯಾಂಕೆ. ಅಲ್ಲಿ ದಾರಿಗೋಸ್ಕರ ಇವೆಂಟ್ ಹುಟ್ಟಿತು, ನಮ್ಮಲ್ಲಿ ದಾರಿ ಬರೀ ಪೋಸ್ಟರಿಗೆ.

ಸಣ್ಣಪುಟ್ಟದ್ದು ಬೇಗ ಹೇಳ್ತೀನಿ. ಟೀ ಶರ್ಟ್ ಬೇಡ ಅನ್ನೋರಿಗೆ ಫೀ ಕಮ್ಮಿ ಮಾಡ್ಬೇಕು, ಎಲ್ರ ಬೀರುವಲ್ಲೂ ಅದೇ ಪಾಲಿಯೆಸ್ಟರ್ ರಾಶಿ. ಎಂಟ್ರಿ ಇನ್ನೊಬ್ರ ಹೆಸರಿಗೆ ಮಾಡ್ಕೊಡಲ್ಲ ಅನ್ನೋದರ ಮೇಲೂ ಜಗಳ ಆಯ್ತು, ಇಲ್ಲಿ ನಾನು ಆಯೋಜಕರ ಕಡೆ. ಬಿದ್ದವ್ನ ಬ್ಲಡ್ ಗ್ರೂಪು, ಮನೆಯವ್ರ ಫೋನ್ ನಂಬರು ಎಲ್ಲಾ ಬಿಬ್, ಅಂದ್ರೆ ಸವಾರನಿಗೆ ಕೊಡೋ ನಂಬರ್ ಚೀಟಿಗೆ ಸೇರಿರುತ್ತೆ, ಗೆಳೆಯನ ಬಿಬ್ ಹಾಕ್ಕೊಂಡು ಬರೋರಿಗೆ ಇದು ಅರ್ಥ ಆಗಲ್ಲ. ಆದ್ರೆ ಎರಡು ವಾರ ಮುಂಚೆವರೆಗೂ ಹೆಸರು ಬದಲಾಯಿಸೋಕೆ ಅವಕಾಶ ಕೊಟ್ರೆ ಏನೂ ನಷ್ಟ ಇಲ್ಲ.

ಹೊಸಬ್ರು ಹೋಗ್ಬಹುದಾ? ಹೋಗಿ, ಧೈರ್ಯವಾಗಿ, ಎರಡು ಬಾಟಲ್ ಜೊತೆಗೆ ಇನ್ನೊಂದು ಇಟ್ಕೊಳ್ಳಿ. ಒಣ ದಿನ ಆದ್ರೆ 40 ಎಂಎಂ ಅಗಲದ ಟೈರ್ ಸಾಕು, ಗಾಳಿ ಸ್ವಲ್ಪ ಕಮ್ಮಿ ಇರ್ಲಿ. ವರ್ಷಾನುಗಟ್ಟಲೆ ಓಡಿಸ್ತಿರೋರಿಗೆ ಇಲ್ಲಿ ಹೊಸದೇನೂ ಸಿಗಲ್ಲ, ಮಾರ್ಷಲ್ ಆಗಿ ಬನ್ನಿ, ಜನ ಬೇಕಾಗಿದ್ದಾರೆ.

ಮೊನ್ನೆ ಮೀಟಿಂಗಲ್ಲಿ ಲೆಕ್ಕ ಪಬ್ಲಿಕ್ಕಾಗಿ ಹಾಕ್ತೀವಿ ಅಂತ ಒಪ್ಕೊಂಡಿದ್ದಾರೆ, ತಲೆಗಿಷ್ಟು ಅಂತ ಟ್ರೈಲ್ ರಿಪೇರಿಗೆ ಎತ್ತಿಡೋದಕ್ಕೂ ಹೂಂ ಅಂದಿದ್ದಾರೆ. ಮಳೆ ಬಂದ್ರೆ ಟ್ರೈಲ್ ಕ್ಯಾನ್ಸಲ್ ಮಾಡೋ ಅಧಿಕಾರ ಯಾರಿಗೆ ಅನ್ನೋದು ಮಾತ್ರ ಇತ್ಯರ್ಥ ಆಗಿಲ್ಲ, ಅದರ ಮೇಲೆ ಇನ್ನೂ ಕಿತ್ತಾಡ್ತಾ ಇದ್ದಾರೆ. ನನ್ ವೋಟು ಸನಿಕೆ ಹಿಡಿಯೋರಿಗೆ.