ಕೋಚ್‌ಗಳಿಗೆ ಮೇಲ್ ಕಳಿಸೋಕೆ ಸಾವಿರಾರು ಡಾಲರ್ ಕಟ್ಟಬೇಡಿ

ಅಮೆರಿಕದಲ್ಲಿ ಹೈಸ್ಕೂಲ್ ಓದುವ ಮಕ್ಕಳಿರುವ ಕನ್ನಡದ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಓದಿ. ನಾವು ಸಿಇಟಿ ಬರೆದು ಕಾಲೇಜು ಸೇರಿದವರು. ಆಟದ ಮೂಲಕ ಕಾಲೇಜು ಸೇರುವ ದಾರಿ ನಮಗೆ ಗೊತ್ತೇ ಇರಲಿಲ್ಲ.

ಮಗಳು ಬ್ರೆಸ್ಟ್‌ಸ್ಟ್ರೋಕ್ ಈಜುತ್ತಾಳೆ. ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ, ಜನವರಿಯಲ್ಲಿ, ಆಟಗಾರ ಮಕ್ಕಳನ್ನು ಕಾಲೇಜು ಕೋಚ್‌ಗಳಿಗೆ ಪರಿಚಯಿಸುವ ಒಂದು ರಿಕ್ರೂಟಿಂಗ್ ಕಂಪನಿಯಿಂದ ಫೋನ್ ಬಂತು. "ಈಗಾಗಲೇ ತಡವಾಗಿದೆ, ಸ್ಕಾಲರ್‌ಶಿಪ್ ಕೈತಪ್ಪುತ್ತೆ" ಅಂದರು. ಹೆದರಿ 2,800 ಡಾಲರ್ ಕಟ್ಟಿದೆವು. ಅವರು ನೂರಾರು ಕೋಚ್‌ಗಳಿಗೆ ಒಂದೇ ಮೇಲ್ ಕಳಿಸಿದರು. ಈಜು ಕ್ಯಾಂಪ್‌ಗಳ ಜಾಹೀರಾತು ಬಿಟ್ಟರೆ ಬೇರೇನೂ ಬರಲಿಲ್ಲ. ಮಗಳು ಮಲಗುವ ಮುಂಚೆ ದಿನಾ ಮೇಲ್ ತೆಗೆದು ನೋಡುತ್ತಿದ್ದಳು. "ಅಮ್ಮಾ, ನಾನು ಅಷ್ಟು ಕೆಟ್ಟದಾಗಿ ಈಜ್ತೀನಾ?" ಅಂತ ಒಂದು ದಿನ ಕೇಳಿದಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ತಪ್ಪು ಅವಳದ್ದಾಗಿರಲಿಲ್ಲ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಸಿಎಎ ನಿಯಮದ ಪ್ರಕಾರ ಈಜಿನಲ್ಲಿ ಡಿವಿಷನ್ 1 (ಮೂರು ದರ್ಜೆಗಳಲ್ಲಿ ಮೇಲಿನದು) ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿದು ಜೂನ್ 15 ಬರುವವರೆಗೆ ಸೇರ್ಪಡೆ ಬಗ್ಗೆ ಮಕ್ಕಳಿಗೆ ಮೇಲ್ ಬರೆಯುವಂತಿಲ್ಲ. ಮಕ್ಕಳು ಬರೆಯಬಹುದು, ಉತ್ತರ ಬರಲ್ಲ, ಅಷ್ಟೇ. ಕಂಪನಿಯವರು ಇದನ್ನು ಹೇಳಲೇ ಇಲ್ಲ. ಉತ್ತರ ಬರ್ತಿಲ್ಲ ಅಂದಾಗ "ಇನ್ನೂ 900 ಡಾಲರಿನ ಪ್ಲಾನ್ ತಗೊಳ್ಳಿ" ಅಂದರು.

ಆಗ ಅನುಮಾನ ಬಂದು ಅವರು ಕಳಿಸಿದ್ದ ಮೇಲ್ ಕೇಳಿ ತರಿಸಿಕೊಂಡೆ. ಮಗಳ 100 ಯಾರ್ಡ್ (100 ಮೀಟರಿಗಿಂತ ಕಡಿಮೆ ದೂರ) ಟೈಮ್ 1:06. ಅವರು ಹಾಕಿದ್ದು 1:16, ಅಂದರೆ 50 ಮೀಟರ್ ಪೂಲಿನಲ್ಲಿ 100 ಮೀಟರ್ ಈಜಿದ ಟೈಮ್. ಮೀಟರ್ ಅಂತ ಎಲ್ಲೂ ಬರೆದಿರಲಿಲ್ಲ, ಕೋಚ್‌ಗಳು ಯಾರ್ಡ್ ಅಂತಲೇ ಓದುತ್ತಾರೆ. ಕೋಚ್‌ಗಳ ಕಣ್ಣಿಗೆ ಅವಳು ಸುಮ್ನೆ ಹತ್ತು ಸೆಕೆಂಡ್ ನಿಧಾನ ಆಗಿಬಿಟ್ಟಳು! "ಸ್ಕಾಲರ್‌ಶಿಪ್ ಸಿಗುವ ಕಾಲೇಜುಗಳು" ಅಂತ ಕೊಟ್ಟ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಡಿವಿಷನ್ 3 ಕಾಲೇಜುಗಳು. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಓದಿಗೆ, ಮನೆಯ ಆದಾಯ ನೋಡಿ ಕೊಡುತ್ತಾರೆ, ಆ ಮಾತು ಬೇರೆ.

ಜೂನ್ ಕೊನೆಯಲ್ಲಿ ಮಗಳೇ ಕೂತು ಹನ್ನೆರಡು ಕೋಚ್‌ಗಳಿಗೆ ಬರೆದಳು. ಕೋಚ್‌ಗಳ ವಿಳಾಸ ಆಯಾ ತಂಡದ ವೆಬ್‌ಸೈಟಿನಲ್ಲೇ ಇರುತ್ತದೆ. ಅಲ್ಲೇ ತುಂಬುವ ಫಾರ್ಮೂ ಇರುತ್ತದೆ, ಒಂದು ಪೈಸೆ ಖರ್ಚಿಲ್ಲ. ಯಾರ್ಡ್ ಟೈಮ್, ಜಿಪಿಎ (ಓದಿನ ಸರಾಸರಿ ಗ್ರೇಡ್), ಮುಂದಿನ ಈಜು ಸ್ಪರ್ಧೆ ಯಾವಾಗ, ಆ ಕಾಲೇಜೇ ಯಾಕೆ ಬೇಕು, ಇಷ್ಟೇ ಬರೆದಿದ್ದು. ಐದು ಜನ ಉತ್ತರಿಸಿದರು. ಅವರಲ್ಲೊಬ್ಬರು ಫೋನಿನಲ್ಲಿ, ಕಂಪನಿಗಳಿಂದ ಬರುವ ಮೇಲ್ ತೆರೆಯುವುದೇ ಇಲ್ಲ, ಮಕ್ಕಳೇ ಬರೆದದ್ದನ್ನು ಮಾತ್ರ ಓದ್ತೀನಿ ಅಂದರು.

ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. 14 ದಿನ ದಾಟಿದರೆ ಕೊಡಲ್ಲ ಅಂತ ಒಪ್ಪಂದದ ಕೊನೇ ಪುಟದಲ್ಲಿತ್ತು.