ನಾಲ್ಕು ಬೋಲ್ಟುಗಳ ಕಡತ: ಎನ್‌ಟಿಎಸ್‌ಬಿಯ ಡಾಕೆಟ್ ಸೇವೆ ಬಳಸಿದ ಮೇಲೆ

ವಿಮಾನ ತಯಾರಿಸುವ ದೊಡ್ಡ ಕಂಪನಿಗಳ ಮೇಲಿನ ಮೊಕದ್ದಮೆಗಳ ಸುದ್ದಿ ಓದಿ ಓದಿ ಬೇಸತ್ತವರಿಗೆ ನಾನು ಈ ಜಾಲತಾಣವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ತಾನು ನಡೆಸಿದ ಅಪಘಾತ ತನಿಖೆಗಳ ಕಡತವನ್ನು 'ಡಾಕೆಟ್' ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದಿಡುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಶುಲ್ಕವಿಲ್ಲ, ಏಕೆ ಬೇಕು ಎಂದು ಕೇಳುವವರಿಲ್ಲ. ಪ್ರಕರಣದ ಸಂಖ್ಯೆ ಹಾಕಿದರೆ ದಾಖಲೆಗಳ ಪಟ್ಟಿ ಬರುತ್ತದೆ, ಬೇಕಾದದ್ದನ್ನು ಇಳಿಸಿಕೊಳ್ಳಬಹುದು.

ನಾನು ಮಂಗಳೂರಿನಲ್ಲಿ ವಕೀಲೆ. ಮೋಟಾರು ಅಪಘಾತ ಪರಿಹಾರದ ಕ್ಲೇಮುಗಳೇ ಹೆಚ್ಚಿನ ಕೆಲಸ. ಎಫ್‌ಐಆರ್, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ (ಐಎಂವಿ) ವರದಿ, ಗಾಯದ ಪ್ರಮಾಣಪತ್ರ, ಆರೋಪಪಟ್ಟಿ. ಇವುಗಳ ದೃಢೀಕೃತ ನಕಲು ಕೈಸೇರುವವರೆಗೆ ಕಕ್ಷಿದಾರರಿಗೆ ನಾನು ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಗಂಡನನ್ನು ಕಳೆದುಕೊಂಡವರು ಎದುರು ಕುಳಿತು "ಮೇಡಂ, ತಪ್ಪು ಯಾರದ್ದು?" ಎಂದು ಕೇಳುವಾಗ ಉತ್ತರ ಇರುವುದು ಆ ಕಾಗದಗಳಲ್ಲಿಯೇ. ಹಾಗಾಗಿ ಕಡತದ ಬೆಲೆ ನನಗೆ ಗೊತ್ತು. ವಿಮಾನದ ವಿಷಯಕ್ಕೆ ನನ್ನನ್ನು ಎಳೆದದ್ದು ನಮ್ಮೂರೇ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಜನ ತೀರಿಕೊಂಡರು, ಬದುಕಿದವರು ಎಂಟೇ ಜನ. ಕರಾವಳಿಯಲ್ಲಿ ಆ ದಿನದ ಬಗ್ಗೆ ಹೇಳಲು ಮಾತಿಲ್ಲದ ಮನೆಗಳು ಕಡಿಮೆ.

ಡಾಕೆಟ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ಅಲಾಸ್ಕ ಏರ್‌ಲೈನ್ಸ್ 1282ರ ಪ್ರಕರಣದಲ್ಲಿ ನೋಡಬೇಕು. ಸಂಖ್ಯೆ ಡಿಸಿಎ24ಎಂಎ063. 2024ರ ಜನವರಿ 5ರಂದು ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದ ಎಡಬದಿಯಲ್ಲಿ, ಬಳಸದ ಬಾಗಿಲಿನ ಜಾಗವನ್ನು ಮುಚ್ಚುವ ಫಲಕ ಹಾರಾಟದ ನಡುವೆಯೇ ಕಿತ್ತುಹೋಯಿತು. ಒಳಗೆ 177 ಜನರಿದ್ದರು, ಎಲ್ಲರೂ ಬದುಕಿದರು. ಆ ಫಲಕ ಮೇಲಕ್ಕೆ ಸರಿಯದಂತೆ ಹಿಡಿಯಲು ನಾಲ್ಕು ಬೋಲ್ಟುಗಳಿರಬೇಕು. ಒಂದೂ ಇರಲಿಲ್ಲ.

ಬೋಲ್ಟೇ ಸಿಗದಿರುವಾಗ ಅದು ಇರಲೇ ಇಲ್ಲ ಎಂದು ಸಾಬೀತು ಮಾಡುವುದು ಹೇಗೆ? ತನಿಖಾಧಿಕಾರಿಗಳು ಎರಡು ದಾರಿಯಿಂದ ಅಲ್ಲಿಗೆ ತಲುಪಿದ್ದಾರೆ. ಬೋಲ್ಟು ಇದ್ದು ಮುರಿದಿದ್ದರೆ ಅದು ಕೂರುವ ರಂಧ್ರಗಳ ಅಂಚಿನಲ್ಲಿ ಉಜ್ಜಿದ, ಬಾಗಿದ ಗುರುತು ಉಳಿಯಬೇಕಿತ್ತು. ಪ್ರಯೋಗಾಲಯದಲ್ಲಿ ಅಂಥ ಗುರುತು ಕಾಣಲಿಲ್ಲ. ಇನ್ನೊಂದು, ಒಂದು ಫೋಟೊ. 2023ರ ಸೆಪ್ಟೆಂಬರಿನಲ್ಲಿ ಬೋಯಿಂಗ್‌ನ ರೆಂಟನ್ ಕಾರ್ಖಾನೆಯಲ್ಲಿ, ಲೋಹದ ತಗಡುಗಳನ್ನು ಬೆಸೆಯುವ, ಕೆಟ್ಟಿದ್ದ ಐದು ರಿವೆಟ್‌ಗಳನ್ನು ಸರಿಪಡಿಸಲು ಈ ಫಲಕವನ್ನು ತೆರೆಯಲಾಗಿತ್ತು. ಕೆಲಸ ಮುಗಿದ ಮೇಲೆ, ಒಳಾಂಗಣ ಜೋಡಿಸುವ ವಿಚಾರಕ್ಕೆ ನೌಕರರು ತಮ್ಮೊಳಗೆ ಕಳುಹಿಸಿಕೊಂಡ ಸಂದೇಶದಲ್ಲಿ ಮತ್ತೆ ಕೂರಿಸಿದ ಫಲಕದ ಚಿತ್ರವಿದೆ. ಮೂರು ಕಡೆ ಬೋಲ್ಟಿಲ್ಲದಿರುವುದು ಕಾಣುತ್ತದೆ. ನಾಲ್ಕನೆಯ ಜಾಗ ಇನ್ಸುಲೇಶನ್ ಹೊದಿಕೆಯ ಕೆಳಗಿದೆ. ಬೋಲ್ಟಿನ ವಿಚಾರ ಆ ಸಂದೇಶದ ಉದ್ದೇಶವೇ ಆಗಿರಲಿಲ್ಲ. ಇಂಥ ಸಾಕ್ಷ್ಯಕ್ಕೆ ಪಾಟೀ ಸವಾಲಿನಲ್ಲಿ ಅಲುಗಾಟವಿಲ್ಲ.

ಫಲಕ ತೆರೆದರೆ ಅದಕ್ಕೊಂದು ದಾಖಲೆ ಬರೆಯಲೇಬೇಕೆಂಬ ನಿಯಮ ಕಂಪನಿಯಲ್ಲಿ ಇತ್ತು. ಬರೆದಿರಲಿಲ್ಲ. ದಾಖಲೆ ಇಲ್ಲದ ಕಾರಣ ಮುಚ್ಚಿದ ಮೇಲೆ ಪರೀಕ್ಷಿಸುವ ಪ್ರಸಂಗವೂ ಬರಲಿಲ್ಲ. ಆ ಹೊತ್ತಿನ ಕ್ಯಾಮೆರಾ ದೃಶ್ಯಾವಳಿಯ ಮೇಲೆ ಆಗಲೇ ಹೊಸ ದೃಶ್ಯ ಅಚ್ಚಾಗಿತ್ತು. 2024ರ ಆಗಸ್ಟಿನಲ್ಲಿ ಎರಡು ದಿನ ನಡೆದ ಬಹಿರಂಗ ವಿಚಾರಣೆಗೆಂದು ಮೂರು ಸಾವಿರಕ್ಕೂ ಹೆಚ್ಚು ಪುಟ ಬಿಡುಗಡೆಯಾದವು. ಕಾರ್ಖಾನೆಯ ನೌಕರರ ಹೇಳಿಕೆಗಳು ಪ್ರಶ್ನೋತ್ತರವಾಗಿಯೇ ಅದರಲ್ಲಿವೆ. ಮೊದಲ ಬಾರಿ ತೆರೆಯುವವರು ನೇರವಾಗಿ ಅವುಗಳಿಗೆ ಹೋಗಿ. ತರಬೇತಿ ಸಾಲದು, ಒತ್ತಡ ಹೆಚ್ಚು, ಮಾಡಿದ್ದನ್ನೇ ಮತ್ತೆ ಮಾಡಬೇಕು ಎಂದು ಕೆಲಸ ಮಾಡಿದ ಕೈಗಳೇ ಹೇಳುವುದನ್ನು ಓದುತ್ತಾ ನನಗೆ ಸಿಟ್ಟು ಬಂದದ್ದು ಆ ನೌಕರರ ಮೇಲಲ್ಲ. 2025ರ ಜೂನ್‌ನಲ್ಲಿ ಮಂಡಳಿ ನೀಡಿದ ತೀರ್ಮಾನವೂ ಹಾಗೆಯೇ ಇದೆ: ಸಾಕಷ್ಟು ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಕೊಡದ ಬೋಯಿಂಗ್‌ನದೇ ವೈಫಲ್ಯ; ನಿಯಂತ್ರಕ ಸಂಸ್ಥೆಯಾದ ಎಫ್‌ಎಎಯ ನಿಗಾ ಪರಿಣಾಮಕಾರಿಯಾಗಿರಲಿಲ್ಲ.

ಇನ್ನು ಕೊರತೆಗಳು. ಕಡತ ತೆರೆದುಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಹುಡುಕುವ ಪುಟ ಹೊಸಬರಿಗೆ ಒರಟು, ದಾಖಲೆಗಳ ಶೀರ್ಷಿಕೆ ನೋಡಿ ಒಳಗೇನಿದೆ ಎಂದು ಊಹಿಸುವುದು ಕಷ್ಟ. ಕಾಕ್‌ಪಿಟ್ ಧ್ವನಿಮುದ್ರಣ ಕೇಳಸಿಗುವುದಿಲ್ಲ. ಅದು ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ. ತಯಾರಕ ಕಂಪನಿಯನ್ನೇ ತನಿಖೆಯಲ್ಲಿ ಪಕ್ಷವಾಗಿ ಕೂರಿಸಿಕೊಳ್ಳುವ ಪದ್ಧತಿ ಮಾತ್ರ ನನಗೆ ಒಪ್ಪಿಗೆಯಿಲ್ಲ, ತಾಂತ್ರಿಕ ಜ್ಞಾನ ಅವರ ಬಳಿಯೇ ಇರುವುದು ನಿಜವಾದರೂ. 2024ರ ಜೂನ್‌ನಲ್ಲಿ ತನಿಖೆಯ ಮಾಹಿತಿಯನ್ನು ಬೋಯಿಂಗ್ ಪತ್ರಕರ್ತರಿಗೆ ಹೇಳಿತೆಂದು ಮಂಡಳಿಯೇ ಅದರ ಮೇಲೆ ನಿರ್ಬಂಧ ಹೇರಬೇಕಾಯಿತು.

ಕಾನೂನಿನ ಮಿತಿಯೊಂದನ್ನೂ ಓದುಗರು ತಿಳಿದಿರಬೇಕು. ಅಪಘಾತದ ಕಾರಣದ ಬಗ್ಗೆ ಮಂಡಳಿ ನೀಡುವ ತೀರ್ಮಾನವನ್ನು ಅಮೆರಿಕದ ಪರಿಹಾರ ದಾವೆಗಳಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಾಗಾಗಿ ಕುಟುಂಬಗಳ ವಕೀಲರಿಗೆ ಬೆಲೆ ಇರುವುದು ತೀರ್ಮಾನಕ್ಕಲ್ಲ, ಈ ವಾಸ್ತವಾಂಶಗಳ ಪುಟಗಳಿಗೆ. ಬೋಯಿಂಗ್ ಮೇಲಿನ ಕ್ರಿಮಿನಲ್ ಮೊಕದ್ದಮೆಯ ಕಾಗದಗಳೂ ಇಲ್ಲಿಲ್ಲ. 2018ರ ಲಯನ್ ಏರ್, 2019ರ ಇಥಿಯೋಪಿಯನ್ ಏರ್‌ಲೈನ್ಸ್ ಎಂಬ ಎರಡು 737 ಮ್ಯಾಕ್ಸ್ ದುರಂತಗಳಲ್ಲಿ ಒಟ್ಟು 346 ಜನ ಸತ್ತ ಮೇಲೆ, 2021ರ ಜನವರಿಯಲ್ಲಿ ಬೋಯಿಂಗ್ 250 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡು ವಿಚಾರಣೆಯನ್ನು ಮುಂದಕ್ಕೆ ಹಾಕಿಸಿಕೊಂಡಿತು. ಆ ಒಪ್ಪಂದದ ಮೂರು ವರ್ಷ ಮುಗಿಯಲು ಎರಡೇ ದಿನ ಬಾಕಿ ಇದ್ದಾಗ ಅಲಾಸ್ಕದ ಫಲಕ ಕಿತ್ತುಹೋಯಿತು. ಮುಂದೆ ತಪ್ಪೊಪ್ಪಿಗೆಯ ಒಪ್ಪಂದವನ್ನು ನ್ಯಾಯಾಧೀಶರು ತಿರಸ್ಕರಿಸಿದರು, 2025ರಲ್ಲಿ ಸರ್ಕಾರವೇ ಮೊಕದ್ದಮೆ ಕೈಬಿಡಲು ಒಪ್ಪಿತು, ನವೆಂಬರಿನಲ್ಲಿ ಪ್ರಕರಣ ವಜಾ ಆಯಿತು. ಇದನ್ನೆಲ್ಲ ಅಲ್ಲಿನ ಫೆಡರಲ್ ನ್ಯಾಯಾಲಯಗಳ ಪ್ರತ್ಯೇಕ ತಾಣದಲ್ಲಿ, ಪುಟಕ್ಕೆ ಹತ್ತು ಸೆಂಟ್ ಕೊಟ್ಟು ಓದಬೇಕು.

ನಮ್ಮ ಕಡೆಯ ಸ್ಥಿತಿ ನೆನೆದಾಗ ಸಂಕಟವಾಗುತ್ತದೆ. 2010ರ ದುರಂತದ ವಿಚಾರಣಾ ವರದಿ ಗಂಭೀರವಾದ ಕೆಲಸ. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿದ್ದು, ಇಳಿಯುವುದು ಬೇಡ ಎಂದು ಸಹಪೈಲಟ್ ಎಚ್ಚರಿಸಿದ್ದು ಎಲ್ಲ ಅದರಲ್ಲಿದೆ. ಆದರೆ ವರದಿಯ ಹಿಂದಿನ ಹೇಳಿಕೆಗಳನ್ನೂ ದಾಖಲೆಗಳನ್ನೂ ಒಂದೆಡೆ ತೆರೆದಿಡುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. 2025ರ ಜೂನ್ 12ರ ಅಹಮದಾಬಾದ್ ದುರಂತದ ಪ್ರಾಥಮಿಕ ವರದಿ 15 ಪುಟದ್ದು. ಇಂಧನದ ಸ್ವಿಚ್ಚುಗಳ ಬಗ್ಗೆ ಪೈಲಟ್‌ಗಳ ನಡುವೆ ನಡೆದ ಮಾತನ್ನು ಅದು ಎರಡು ವಾಕ್ಯಗಳಲ್ಲಿ ಸಾರಾಂಶವಾಗಿ ಹೇಳಿತು. ಯಾರು ಯಾವ ಮಾತು ಆಡಿದರೆಂದು ಹೇಳಲಿಲ್ಲ. ಅಷ್ಟರ ಮೇಲೆ ಊರೆಲ್ಲ ತೀರ್ಪು ಕೊಟ್ಟಿತು. ಸತ್ತ ಪೈಲಟ್‌ಗಳಿಗೂ ಕುಟುಂಬವಿದೆ. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಅಂತಿಮ ವರದಿಯ ಜೊತೆಗೆ ಅದರ ಹಿಂದಿನ ಕಡತವನ್ನೂ ಪ್ರಕಟಿಸಬೇಕೆಂಬ ನಿಯಮವೊಂದು ಅದರಡಿ ಬರಲಿ ಎಂಬುದು ನನ್ನ ಬೇಡಿಕೆ.

ಡಾಕೆಟ್ ಸೇವೆಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದದ್ದು ಹುಡುಕಾಟದ ಪುಟಕ್ಕೆ. ನನ್ನ ಜೂನಿಯರ್‌ಗಳಿಗೆ ಅಲಾಸ್ಕದ ಸಂಖ್ಯೆ ಕೊಟ್ಟಿದ್ದೇನೆ. ಸಾಕ್ಷಿಯ ಹೇಳಿಕೆ ಪಡೆಯುವುದು ಹೇಗೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನಮ್ಮ ಕಚೇರಿಯ ಕಪಾಟಿನಲ್ಲಿ ಇಲ್ಲ.